ಕಲೆ ಎಣಿಸಿ ಸೂರ್ಯನ ರೇಡಿಯೋ ಅಳೆಯಬಹುದೇ?

ಪ್ರಶ್ನೆ: ನಾನು ಚಿಕ್ಕಮಗಳೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯಲ್ಲಿ 60 ಮಿ.ಮೀ. ಟೆಲಿಸ್ಕೋಪ್ ಇದೆ. ನವೆಂಬರ್‌ನಿಂದ ದಿನಾ ಬೆಳಗ್ಗೆ ಒಂಬತ್ತಕ್ಕೆ ಬಿಳಿ ಹಾಳೆ ಮೇಲೆ ಸೂರ್ಯನ ಬಿಂಬ ಬೀಳಿಸಿ ಮಕ್ಕಳ ಜೊತೆ ಸೌರಕಲೆ ಎಣಿಸುತ್ತಿದ್ದೇವೆ. ಕಲೆಯ ಸಂಖ್ಯೆಯಿಂದ ಸೂರ್ಯನ 10.7 ಸೆಂ.ಮೀ. ರೇಡಿಯೋ ಫ್ಲಕ್ಸ್, ಅಂದರೆ ಅಷ್ಟು ಉದ್ದದ ಅಲೆಯಲ್ಲಿ ಸೂರ್ಯನಿಂದ ನಮಗೆ ಬರುವ ರೇಡಿಯೋ ಬಲ, ಲೆಕ್ಕ ಹಾಕುವ ಸೂತ್ರ ಒಂದು ಕಡೆ ಸಿಕ್ಕಿತು. ಜನವರಿಯ ಒಂದು ದಿನ 4 ಗುಂಪು, 23 ಕಲೆ ಎಣಿಸಿದೆವು. ಸೂತ್ರಕ್ಕೆ ಹಾಕಿದರೆ 113 ಬಂತು. ಅದೇ ತಾರೀಖಿಗೆ ಕೆನಡಾದವರು ಕೊಟ್ಟ ಅಂಕಿ 128. ನಮ್ಮ ಎಣಿಕೆ ತಪ್ಪೇ, ಸೂತ್ರ ತಪ್ಪೇ? ಇನ್ನೊಂದು ವಿಷಯ. ಕಲೆ ತಂಪಾದ ಜಾಗ ಎಂದು ಪಾಠದಲ್ಲಿ ಹೇಳುತ್ತೇವೆ. ತಂಪಾದ ಜಾಗದಿಂದ ರೇಡಿಯೋ ಜಾಸ್ತಿ ಬರುವುದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ.

ಉತ್ತರ: ಮೇಡಂ, ಮೊದಲು ಮಕ್ಕಳಿಗೆ ಇಷ್ಟು ಹೇಳಿಬಿಡಿ. ನಿಮ್ಮ ಎಣಿಕೆ ಚೆನ್ನಾಗಿಯೇ ಇದೆ. ಸೂತ್ರವೂ ಸುಳ್ಳಲ್ಲ. ಆದರೆ ಅದು ಬೇರೆಯವರ ಅಳತೆಗೆ ಹೊಲಿದ ಅಂಗಿ. ನಿಮ್ಮ ಶಾಲೆಯ ಮೈಗೆ ಸರಿಯಾಗಿ ಕೂರುವುದಿಲ್ಲ. ನಿಮಗೆ ಬೇಕಿರುವುದು ನಿಮ್ಮದೇ ಸೂತ್ರ. ಅದಕ್ಕೆ ಬೇಕಾದ ಸರಕು ನಿಮ್ಮ ನೋಟ್‌ಬುಕ್ಕಿನಲ್ಲೇ ಸೇರುತ್ತಿದೆ. ಅಲ್ಲಿಗೆ ಬರುವ ಮೊದಲು ಆ ಹುಡುಗಿಯ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಅದು ಬಹಳ ಒಳ್ಳೆಯ ಪ್ರಶ್ನೆ. ಅದು ಬಿಡಿಸಿದರೆ ಮಿಕ್ಕಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ದೊಡ್ಡ ಕಲೆಯ ಕಪ್ಪು ನಡುಭಾಗ ಅದಕ್ಕಿಂತ ಒಂದೂವರೆ ಸಾವಿರ ಡಿಗ್ರಿಯಷ್ಟು ಕಡಿಮೆ. ಅಲ್ಲಿ ಕಾಂತಕ್ಷೇತ್ರ ಎಷ್ಟು ಬಲವಾಗಿದೆ ಎಂದರೆ, ಒಳಗಿನ ಬಿಸಿ ಕುದಿದು ಮೇಲೆ ಬರುವುದನ್ನೇ ಅದು ತಡೆದು ಹಿಡಿಯುತ್ತದೆ. ಅದಕ್ಕೇ ಅಲ್ಲಿ ತಂಪು. ಇಲ್ಲಿಯವರೆಗೆ ನಿಮ್ಮ ಪಾಠ ಸರಿ. ಆದರೆ ನಾವು ಹೇಳುತ್ತಿರುವ ರೇಡಿಯೋ ಆ ಮೇಲ್ಮೈಯಿಂದ ಬರುವುದಲ್ಲ. ಅದು ಬರುವುದು ಮೇಲಿನ ಪದರಗಳಿಂದ. ಕಲೆಯ ತಲೆಯ ಮೇಲೆ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಹತ್ತು ಲಕ್ಷ ಡಿಗ್ರಿ ಬಿಸಿಯ ತೆಳು ಅನಿಲ ಇದೆ. ಅದೇ ಕರೋನಾ. ಕಲೆಯ ಕಾಂತಕ್ಷೇತ್ರ ಅಲ್ಲಿಯವರೆಗೂ ಕಮಾನಿನ ಹಾಗೆ ಎದ್ದಿರುತ್ತದೆ. ಕೆಳಗೆ ತಂಪು ಮಾಡಿದ ಕಾಂತಕ್ಷೇತ್ರವೇ ಮೇಲೆ ರೇಡಿಯೋ ಹುಟ್ಟಿಸುತ್ತದೆ.

ಹೇಗೆ ಎಂದರೆ, ಕಾಂತಕ್ಷೇತ್ರ ಇರುವ ಕಡೆ ಎಲೆಕ್ಟ್ರಾನ್ ನೆಟ್ಟಗೆ ಓಡುವುದಿಲ್ಲ, ಸುತ್ತುತ್ತದೆ. 1 ಗೌಸ್ ಬಲದ ಕ್ಷೇತ್ರದಲ್ಲಿ ಸೆಕೆಂಡಿಗೆ 28 ಲಕ್ಷ ಸುತ್ತು. ನಾವು ನಿಂತಿರುವ ಈ ನೆಲದ ಕಾಂತಕ್ಷೇತ್ರ ಅರ್ಧ ಗೌಸ್‌ಗೂ ಕಡಿಮೆ. ಸೌರಕಲೆಯಲ್ಲಿ ಅದು 2,000, 3,000 ಗೌಸ್ ಮುಟ್ಟುತ್ತದೆ. ಮೇಲೆ ಹೋದ ಹಾಗೆ ಇಳಿಯುತ್ತದೆ. 1,000 ಗೌಸ್ ಇರುವ ಎತ್ತರದಲ್ಲಿ ಎಲೆಕ್ಟ್ರಾನ್ ಸೆಕೆಂಡಿಗೆ 280 ಕೋಟಿ ಸಲ ಸುತ್ತುತ್ತದೆ. ಅಂದರೆ 2,800 ಮೆಗಾಹರ್ಟ್ಸ್. 10.7 ಸೆಂ.ಮೀ. ಅಲೆ ಎಂದರೆ ಇದೇ 2,800 ಮೆಗಾಹರ್ಟ್ಸ್! ನಿಜವಾಗಿ ಹೆಚ್ಚಿನ ಪಾಲು ಬರುವುದು ಇದರ ಅರ್ಧ, ಮೂರನೇ ಒಂದು ಭಾಗ ಬಲ ಇರುವ ಕಡೆಯಿಂದ. ಅಲ್ಲಿ ಎಲೆಕ್ಟ್ರಾನ್ ತನ್ನ ಸುತ್ತಿನ ಎರಡು ಪಟ್ಟು, ಮೂರು ಪಟ್ಟು ಆವರ್ತನದಲ್ಲೂ ರೇಡಿಯೋ ಹೊಮ್ಮಿಸುತ್ತದೆ. ಬೋರ್ಡ್ ಮೇಲೆ ಇಷ್ಟು ಬರೆದು ತೋರಿಸಿದರೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ.

ಇದು ಒಂದು ಪಾಲು. ಇನ್ನೊಂದು ಪಾಲು ಕಲೆಯ ಸುತ್ತ ಹರಡಿರುವ ಹೊಳೆಯುವ ಬಯಲಿನಿಂದ ಬರುತ್ತದೆ. ಅದನ್ನು ಪ್ಲಾಜ್ ಎನ್ನುತ್ತಾರೆ. ಅಲ್ಲಿ ಬಿಸಿ ಅನಿಲ ಒತ್ತಾಗಿ ಸೇರಿರುತ್ತದೆ. ಎಲೆಕ್ಟ್ರಾನ್‌ಗಳು ಅಯಾನುಗಳ ಪಕ್ಕ ಹಾದು ತಿರುವು ತೆಗೆದುಕೊಂಡಾಗೆಲ್ಲ ಸ್ವಲ್ಪ ರೇಡಿಯೋ ಬಿಡುತ್ತವೆ. ಮೂರನೆಯದು, ಕಲೆಯೂ ಇಲ್ಲದ, ಪ್ಲಾಜ್ ಕೂಡ ಇಲ್ಲದ ಸುಮ್ನೆ ಕೂತ ಸೂರ್ಯನದ್ದು. ಒಂದೂ ಕಲೆ ಇಲ್ಲದ ದಿನ ಕೂಡ ಫ್ಲಕ್ಸ್ ಸೊನ್ನೆಗೆ ಇಳಿಯುವುದಿಲ್ಲ. 65ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನಿಮ್ಮ ಸೂತ್ರವನ್ನು ಮುಂದೆ ಬಿಡಿಸಿ ಬರೆಯುತ್ತೇನೆ, ಅದರ ಮೊದಲ ಅಂಕಿ 63.7 ಇದೆಯಲ್ವಾ, ಅದು ಇದೇ.

ಈ ಮೂರು ಪಾಲನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೀವು ಎಣಿಸುವುದು ಕಲೆ ಮಾತ್ರ. ಪ್ಲಾಜ್ ನಿಮ್ಮ ಹಾಳೆಯ ಮೇಲೆ ಬೀಳುವುದೇ ಇಲ್ಲ.

ಕಲೆಗೂ ರೇಡಿಯೋಗೂ ಇರುವ ನಂಟು ಕಣ್ಣಿಗೆ ಬಿದ್ದ ಕತೆಯನ್ನು ಮಕ್ಕಳಿಗೆ ಹೇಳಲೇಬೇಕು. 1942ರ ಫೆಬ್ರವರಿ, ಎರಡನೇ ಮಹಾಯುದ್ಧದ ನಡುವೆ ಬ್ರಿಟನ್ನಿನ ರಾಡಾರ್‌ಗಳಿಗೆ ಇದ್ದಕ್ಕಿದ್ದಂತೆ ಗದ್ದಲ ತುಂಬಿಕೊಂಡಿತು. ಶತ್ರುಗಳು ಮಾಡಿದ್ದು ಎಂದೇ ಗುಮಾನಿ. ಜೇಮ್ಸ್ ಸ್ಟ್ಯಾನ್ಲಿ ಹೇ ಎಂಬ ವಿಜ್ಞಾನಿ ಗಮನಿಸಿದರು, ಗದ್ದಲ ಬರುತ್ತಿದ್ದ ದಿಕ್ಕು ಸೂರ್ಯನ ಜೊತೆಯೇ ಸರಿಯುತ್ತಿತ್ತು. ಆಗ ಸೂರ್ಯನ ಮೇಲೆ ದೊಡ್ಡದೊಂದು ಕಲೆಯ ಗುಂಪು ಇತ್ತು.

ಯುದ್ಧ ಮುಗಿದ ಮೇಲೆ ಕೆನಡಾದ ಒಟ್ಟಾವದಲ್ಲಿ ಆರ್ಥರ್ ಕೋವಿಂಗ್ಟನ್ ಎಂಬುವರು ಮಿಕ್ಕಿದ್ದ ರಾಡಾರ್ ಬಿಡಿಭಾಗಗಳನ್ನು ಸೇರಿಸಿ ಸೂರ್ಯನ ಕಡೆ ತಿರುಗಿಸಿದರು. 10.7 ಸೆಂ.ಮೀ. ಎಂಬ ಅಳತೆ ಯಾರೋ ಯೋಚಿಸಿ ಆರಿಸಿದ್ದಲ್ಲ, ಆ ಭಾಗಗಳು ಕೆಲಸ ಮಾಡುತ್ತಿದ್ದ ಅಲೆ ಅದು. 1946ರ ನವೆಂಬರ್ 23ಕ್ಕೆ ಅಲ್ಲಿ ಪಾರ್ಶ್ವ ಸೂರ್ಯಗ್ರಹಣ ಬಂತು. ಚಂದ್ರ ನಿಧಾನಕ್ಕೆ ಸೂರ್ಯನನ್ನು ಮುಚ್ಚುತ್ತಾ ಬಂದ. ರೇಡಿಯೋ ಬಲವೂ ನಿಧಾನಕ್ಕೆ ಇಳಿಯುತ್ತಾ ಬಂತು. ಚಂದ್ರನ ಅಂಚು ಒಂದು ದೊಡ್ಡ ಕಲೆಯ ಗುಂಪನ್ನು ಮುಚ್ಚಿದ ಗಳಿಗೆಯಲ್ಲಿ ಅದು ಧಡಕ್ಕನೆ ಕುಸಿಯಿತು. ಮುಚ್ಚಿದ ಜಾಗ ಅಂಗೈಯಗಲ ಇದ್ದ ಹಾಗೆ, ಹೋದ ರೇಡಿಯೋ ಮಾತ್ರ ಬಹಳ. ಅಷ್ಟು ಸಾಕಿತ್ತು. ರೇಡಿಯೋ ಕಲೆಯ ಮೇಲಿಂದ ಬರುತ್ತಿದೆ ಎಂದು ಅವತ್ತೇ ಗೊತ್ತಾಯಿತು. 1947ರಿಂದ ಅವರು ದಿನಾ ಅಳೆಯಲು ಶುರು ಮಾಡಿದರು. 1991ರಲ್ಲಿ ಆ ಕೆಲಸ ಪಶ್ಚಿಮ ಕೆನಡಾದ ಪೆಂಟಿಕ್ಟನ್‌ಗೆ ಹೋಯಿತು. ಇವತ್ತಿಗೂ ನಡೆಯುತ್ತಿದೆ. ನಿಮಗೆ ಸಿಕ್ಕ 128 ಬಂದದ್ದು ಅಲ್ಲಿಂದ.

ಈಗ ನಿಮ್ಮ 113ಕ್ಕೆ ಬರೋಣ. ನೀವು ಹಾಕಿದ ಲೆಕ್ಕ ಹೀಗಿದೆ. ಗುಂಪಿಗೆ 10ರಂತೆ 40, ಕಲೆ 23, ಒಟ್ಟು 63. ಇದನ್ನು ಕ ಎನ್ನೋಣ. ಫ್ಲಕ್ಸ್ = 63.7 + 0.728 × ಕ + 0.00089 × ಕ × ಕ. ಇದರಲ್ಲಿ ಎರಡನೇ ತುಂಡು 45.9, ಮೂರನೆಯದು 3.5. ಕೂಡಿದರೆ 113.1. ಕೂಡುವುದರಲ್ಲಿ ತಪ್ಪಿಲ್ಲ.

ಗುಂಪಿಗೆ ಹತ್ತು ಎಂಬ ಲೆಕ್ಕ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ ಅವರದ್ದು, 1848ರ ಹೊತ್ತಿನದು. ಕಲೆಗಿಂತ ಗುಂಪು ಮುಖ್ಯ ಎಂಬುದು ಅವರ ನಂಬಿಕೆ. ಅದು ಸರಿಯಾದ ನಂಬಿಕೆಯೇ. ಸಣ್ಣ ಟೆಲಿಸ್ಕೋಪಿಗೆ ಚಿಕ್ಕ ಕಲೆ ತಪ್ಪಿದರೂ ಗುಂಪು ತಪ್ಪುವುದು ಕಡಿಮೆ. ಆದರೆ ಒಬ್ಬೊಬ್ಬರ ಕಣ್ಣು, ಟೆಲಿಸ್ಕೋಪು, ಊರಿನ ಗಾಳಿ ಬೇರೆ ಬೇರೆ. ಅದಕ್ಕೆ ಅವರು ಪ್ರತಿಯೊಬ್ಬರ ಎಣಿಕೆಯನ್ನೂ ಒಂದು ಗುಣಕದಿಂದ ಗುಣಿಸಿ ಒಂದೇ ಮಟ್ಟಕ್ಕೆ ತರುತ್ತಿದ್ದರು. ಆಮೇಲೆ ಜ್ಯೂರಿಕ್‌ನಲ್ಲಿ ಬಂದವರು ವುಲ್ಫ್‌ಗಿಂತ ಜಾಸ್ತಿ ಕಲೆ ಎಣಿಸುತ್ತಿದ್ದರು. ಹಳೆಯ ಮಟ್ಟಕ್ಕೆ ಹೊಂದಲಿ ಎಂದು ಅವರ ಎಣಿಕೆಯನ್ನು 0.6ರಿಂದ ಗುಣಿಸಿದರು. ಈ ಪದ್ಧತಿ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. 1981ರಿಂದ ಈ ಲೆಕ್ಕ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿದೆ. 2015ರ ಜುಲೈ 1ಕ್ಕೆ ಅವರು ಇಡೀ ಸರಣಿಯನ್ನು ತಿದ್ದಿದರು. ಆ 0.6 ಅನ್ನು ಕೈಬಿಟ್ಟರು, ಇನ್ನೂ ಕೆಲವು ಓರೆಕೋರೆ ಸರಿಪಡಿಸಿದರು. ಆದ್ದರಿಂದ ಈಗಿನ ಅಂಕಿಗಳು ಹಳೆಯದಕ್ಕಿಂತ ಹೆಚ್ಚುಕಡಿಮೆ 1.4 ಪಟ್ಟು ದೊಡ್ಡವು.

ನಿಮ್ಮ ಸೂತ್ರ 1970ರ ದಶಕದ ಆರಂಭದ್ದು. ಹಳೆಯ ಅಂಕಿಗೆ ಮಾಡಿದ್ದು. ಈಗಿನ ಅಂಕಿಯನ್ನು ಅದಕ್ಕೆ ಹಾಕಬೇಕಾದರೆ ಮೊದಲು 0.7ರಿಂದ ಗುಣಿಸಬೇಕು. ಹಾಗೆ ಮಾಡಿದರೆ ನಿಮ್ಮ 63 ಹೋಗಿ 44 ಆಗುತ್ತದೆ, ಫ್ಲಕ್ಸ್ 98ಕ್ಕೆ ಇಳಿಯುತ್ತದೆ. ಅಯ್ಯೋ, ಇನ್ನೂ ದೂರ ಹೋಯಿತಲ್ಲ ಎನ್ನುತ್ತೀರಿ. ತಡೆಯಿರಿ. ನಿಮ್ಮದು 60 ಮಿ.ಮೀ. ಗಾಜು, ಹಾಳೆಯ ಮೇಲೆ ಬಿದ್ದ ಬಿಂಬ. ಚುಕ್ಕಿಯಂತಹ ಕಲೆಗಳು ನಿಮಗೆ ಕಾಣುವುದಿಲ್ಲ. ಬ್ರಸೆಲ್ಸ್‌ನವರ ಮಟ್ಟಕ್ಕೆ ಏರಿಸಲು ನಿಮ್ಮ ಎಣಿಕೆಯನ್ನು ಒಂದು ಗುಣಕದಿಂದ ಗುಣಿಸಬೇಕು. ಉದಾಹರಣೆಗೆ ಅದು 1.4 ಎಂದುಕೊಳ್ಳಿ. 63 ಎಂಬುದು 88 ಆಯಿತು. ಅದನ್ನು 0.7ರಿಂದ ಗುಣಿಸಿದರೆ 62. ಬಂದ ದಾರಿಗೇ ಸುಂಕ ಇಲ್ಲ! ನೀವು ಎರಡು ಗುಣಾಕಾರ ಬಿಟ್ಟಿದ್ದಿರಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡೂ ಒಂದನ್ನೊಂದು ತಿಂದುಹಾಕಿದವು. ಪಕ್ಕದ ಊರಿನಲ್ಲಿ ದೊಡ್ಡ ಟೆಲಿಸ್ಕೋಪ್ ಇಟ್ಟುಕೊಂಡವರು ಇದೇ 63 ಎಣಿಸಿದ್ದರೆ ಅವರಿಗೆ ಈ ಭಾಗ್ಯ ಇರುತ್ತಿರಲಿಲ್ಲ.

ಇನ್ನು ಆ 128. ಅದರಲ್ಲೂ ಎರಡು ಸಂಗತಿ ನೋಡಬೇಕು.

ಒಂದು, ಜನವರಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ. ಹತ್ತಿರ ಇದ್ದಾಗ ಅದೇ ಸೂರ್ಯನ ರೇಡಿಯೋ ಶೇ. 3ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಜುಲೈನಲ್ಲಿ ಅಷ್ಟೇ ಕಡಿಮೆ. ಪೆಂಟಿಕ್ಟನ್‌ನವರು ಅಳೆದ ಅಂಕಿಯ ಪಕ್ಕದಲ್ಲೇ ದೂರಕ್ಕೆ ಹೊಂದಿಸಿದ ಅಂಕಿಯನ್ನೂ ಕೊಡುತ್ತಾರೆ. ಕಲೆಗೆ ಹೋಲಿಸುವಾಗ ಆ ಹೊಂದಿಸಿದ್ದನ್ನೇ ತೆಗೆದುಕೊಳ್ಳಬೇಕು. ನಿಮ್ಮ 128 ಅಳೆದ ಅಂಕಿಯಾಗಿದ್ದರೆ, ಹೊಂದಿಸಿದ್ದು 124ರ ಹತ್ತಿರ ಇರುತ್ತದೆ.

ಎರಡು, ತಾರೀಖು. ಇದನ್ನು ಬಹಳ ಜನ ತಪ್ಪುತ್ತಾರೆ. ಪೆಂಟಿಕ್ಟನ್‌ನಲ್ಲಿ ದಿನಕ್ಕೆ ಮೂರು ಸಲ ಅಳೆಯುತ್ತಾರೆ. ಆ ದಿನದ ಅಂಕಿ ಎಂದು ಎಲ್ಲರೂ ಬಳಸುವುದು ನಡುವಿನದನ್ನು, ಅಂತರರಾಷ್ಟ್ರೀಯ ಸಮಯ 20 ಗಂಟೆಯದನ್ನು. ಅದು ಅವರಿಗೆ ಮಧ್ಯಾಹ್ನ. ನಮಗೆ ರಾತ್ರಿ ಒಂದೂವರೆ, ಅದೂ ಮಾರನೇ ದಿನದ್ದು. ನೀವು 10ನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಎಣಿಸಿದಿರಿ ಎನ್ನಿ. ಅವರ 10ನೇ ತಾರೀಖಿನ ಅಂಕಿ ಅದಾಗಿ ಹದಿನಾರೂವರೆ ಗಂಟೆಯ ಮೇಲೆ ಅಳೆದದ್ದು. ಅವರ 9ನೇ ತಾರೀಖಿನ ಅಂಕಿ ನಿಮಗಿಂತ ಏಳೂವರೆ ಗಂಟೆ ಮುಂಚೆಯದು. ಹತ್ತಿರದ್ದು ಯಾವುದು? ಹಿಂದಿನ ತಾರೀಖಿನದ್ದೇ. ಹಾಗಾಗಿ ಇನ್ನು ಮುಂದೆ ನಿಮ್ಮ ಎಣಿಕೆಯ ಎದುರು ಅವರ ಹಿಂದಿನ ದಿನದ ಅಂಕಿ ಬರೆಯಿರಿ. ಮೂರು ಅಳತೆಗಳಲ್ಲಿ ಒಂದು ಮಾತ್ರ ಸಿಕ್ಕಾಪಟ್ಟೆ ಜಾಸ್ತಿ ಇದ್ದರೆ ಆ ಹೊತ್ತಿಗೆ ಸೌರಜ್ವಾಲೆ ಸಿಡಿದಿರುತ್ತದೆ. ಅದನ್ನು ಬಿಟ್ಟು ಪಕ್ಕದ ಅಳತೆ ತೆಗೆದುಕೊಳ್ಳಿ.

ಇಷ್ಟೆಲ್ಲ ತಿದ್ದಿದ ಮೇಲೂ 113ಕ್ಕೂ 124ಕ್ಕೂ ನಡುವೆ 11 ಉಳಿಯಿತು. ಉಳಿಯಲೇಬೇಕು. ಆ ಸೂತ್ರ ಮಾಡಿದ್ದು ಹನ್ನೆರಡು ತಿಂಗಳ ಸರಾಸರಿಗೆ. ಒಂದು ದಿನದ ಎಣಿಕೆಗೆ ಅದು ಯಾವತ್ತೂ ಮಾತು ಕೊಟ್ಟಿಲ್ಲ. ಸರಾಸರಿ ಮಳೆ ಲೆಕ್ಕ ಹಿಡಿದು ನಾಳೆ ಕೊಡೆ ಬೇಕಾ ಎಂದು ಕೇಳಿದ ಹಾಗೆ ಅದು.

ಒಂದು ದಿನ ಯಾಕೆ ಹೊಂದುವುದಿಲ್ಲ ಎಂಬುದನ್ನು ಮೊದಲು ಹೇಳಿದ ಮೂರು ಪಾಲುಗಳೇ ಹೇಳುತ್ತವೆ. ಒಂದು ಕಲೆಯ ಗುಂಪು ಮೂರು ವಾರಕ್ಕೆ ಸವೆದು ಹೋಯಿತು ಎನ್ನಿ. ನಿಮ್ಮ ಎಣಿಕೆಯಿಂದ ಅದು ಹೋಯಿತು. ಆದರೆ ಅದರ ಪ್ಲಾಜ್ ಇನ್ನೂ ಉಳಿದಿರುತ್ತದೆ, ರೇಡಿಯೋ ಬಿಡುತ್ತಲೇ ಇರುತ್ತದೆ. ಸೂರ್ಯನ ಪೂರ್ವದ ಅಂಚಿನಲ್ಲಿ ಒಂದು ದೊಡ್ಡ ಗುಂಪು ಇನ್ನೂ ಮೂಡಿಲ್ಲ ಎನ್ನಿ. ಅದರ ಮೇಲಿನ ಕರೋನಾ ಕಮಾನು ಅಂಚಿನ ಮೇಲೆ ಆಗಲೇ ತಲೆ ಎತ್ತಿರುತ್ತದೆ. ಕಲೆ ಕಾಣುವ ಮೊದಲೇ ರೇಡಿಯೋ ಏರುತ್ತದೆ. ಇನ್ನು ಎಣಿಕೆಯ ಸ್ವಭಾವ ನೋಡಿ. ಕಲೆಯೇ ಇಲ್ಲದ ಸೂರ್ಯನ ಮೇಲೆ ಸಾಸಿವೆಯಷ್ಟು ಒಂದು ಚುಕ್ಕಿ ಬಂದರೆ ಸಂಖ್ಯೆ ಸೊನ್ನೆಯಿಂದ 11ಕ್ಕೆ ಹಾರುತ್ತದೆ. ಒಂದು ಗುಂಪು, ಒಂದು ಕಲೆ. ರೇಡಿಯೋಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಅದೇ 2024ರ ಮೇ ತಿಂಗಳಿನ ಆ ರಾಕ್ಷಸ ಗುಂಪು ನೆನಪಿಸಿಕೊಳ್ಳಿ. 3664 ಎಂಬ ನಂಬರಿನದು. ಉದ್ದ ಹದಿನೈದು ಭೂಮಿಯಷ್ಟು. ಗ್ರಹಣದ ಕನ್ನಡಕ ಹಾಕಿಕೊಂಡರೆ ಬರಿಗಣ್ಣಿಗೇ ಕಾಣುತ್ತಿತ್ತು. ಅದು ಎಬ್ಬಿಸಿದ ಕಾಂತ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಗುಂಪು ಎಂದು ಲೆಕ್ಕ ಹಾಕುವಾಗ ಅದಕ್ಕೂ ಹತ್ತೇ, ಸಾಸಿವೆ ಚುಕ್ಕಿಗೂ ಹತ್ತೇ.

ಇದಲ್ಲದೆ ಇನ್ನೊಂದು ಸಂಗತಿ ಇದೆ, ನನಗೆ ಬಹಳ ಮುಖ್ಯ ಎನಿಸುವುದು. ಈಚಿನ ದಶಕಗಳಲ್ಲಿ ಆ ಹಳೆಯ ಸೂತ್ರ ಸರಾಸರಿಗೂ ಸರಿ ಹೊಂದುತ್ತಿಲ್ಲ. ಸೂತ್ರ ಹೇಳುವುದಕ್ಕಿಂತ ರೇಡಿಯೋ ಜಾಸ್ತಿ ಬರುತ್ತಿದೆ. ಸೂರ್ಯನ ಕಲೆಗಳೇ ಬದಲಾಗುತ್ತಿವೆಯಾ ಎಂದು ಕೆಲವರು ಕೇಳಿದರು. ಬ್ರಸೆಲ್ಸ್‌ನ ಫ್ರೆಡೆರಿಕ್ ಕ್ಲೆಟ್ 2021ರಲ್ಲಿ ಎರಡೂ ಸರಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. 1980-81ರಲ್ಲಿ ರೇಡಿಯೋ ಸರಣಿಯೇ ಸುಮಾರು ಶೇ. 10ರಷ್ಟು ಮೇಲಕ್ಕೆ ಜಿಗಿದಿದೆ ಎಂದು ತೋರಿಸಿದರು. ನಿಮ್ಮ ಸೂತ್ರ ಆ ಜಿಗಿತಕ್ಕಿಂತ ಹಳೆಯದು. 113ಕ್ಕೆ ಶೇ. 10 ಸೇರಿಸಿದರೆ 124! ಆದರೆ ಇಷ್ಟು ನೇರವಾಗಿ ಕೂಡಿಬಂದದ್ದಕ್ಕೆ ಮರುಳಾಗಬೇಡಿ. ನಿಮ್ಮ 1.4 ನಾನು ಊಹಿಸಿದ್ದು, ಮತ್ತು ಇದು ಒಂದೇ ದಿನದ ಅಂಕಿ. ಮಾರನೇ ದಿನ ಇದೇ ಲೆಕ್ಕ ಇಪ್ಪತ್ತು ಆಚೀಚೆ ಹೋಗಬಹುದು.

ಹಾಗಾಗಿ ನನ್ನ ಸಲಹೆ ಇಷ್ಟೇ. 0.7, 1.4, ಶೇ. 10 ಎಂದು ತೇಪೆ ಹಾಕುತ್ತಾ ಕೂರಬೇಡಿ. ಸಾಲದ ಸೂತ್ರ ಬಿಡಿ. ನಿಮ್ಮದೇ ಗೆರೆ ಎಳೆಯಿರಿ.

ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ನಿಮ್ಮ ಶಾಲೆಯ ಎಣಿಕೆ, ಯಾವ ಗುಣಕವೂ ಬೇಡ, ಇದ್ದದ್ದು ಇದ್ದ ಹಾಗೆ. ಉದ್ದಕ್ಕೆ ಪೆಂಟಿಕ್ಟನ್‌ನ ಹೊಂದಿಸಿದ ಫ್ಲಕ್ಸ್. ದಿನದ ಅಂಕಿ ಇಡಬೇಡಿ, 27 ದಿನಗಳ ಸರಾಸರಿ ಇಡಿ. ಕ್ಯಾಲೆಂಡರ್ ತಿಂಗಳಿಗಿಂತ 27 ದಿನ ಒಳ್ಳೆಯದು. ಸೂರ್ಯ ನಮ್ಮ ಕಣ್ಣಿಗೆ ಒಂದು ಸುತ್ತು ತಿರುಗಲು ಹೆಚ್ಚುಕಡಿಮೆ ಅಷ್ಟು ದಿನ ಬೇಕು. ಅಂಚಿನಲ್ಲಿ ಮೂಡುವ, ಮುಳುಗುವ ಗಲಾಟೆ ಆ ಸರಾಸರಿಯಲ್ಲಿ ತೊಳೆದುಹೋಗುತ್ತದೆ. ನವೆಂಬರ್‌ನಿಂದ ಮೇ ಕೊನೆಯವರೆಗೆ ಎಣಿಸಿದರೆ ಏಳು ಚುಕ್ಕಿ ಸಿಗುತ್ತವೆ. ಅವುಗಳ ನಡುವೆ ಹಾಯುವ ಹಾಗೆ ಸ್ಕೇಲ್ ಇಟ್ಟು ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯಲ್ಲಿ ನಿಮ್ಮ ಗಾಜು, ನಿಮ್ಮ ಮಕ್ಕಳ ಕಣ್ಣು, ಬೆಲ್ಜಿಯಂನ ತಿದ್ದುಪಡಿ, ಕೆನಡಾದ ಜಿಗಿತ ಎಲ್ಲವೂ ತಾವಾಗಿ ಸೇರಿಕೊಂಡಿರುತ್ತವೆ. ಎಣಿಕೆ ಸೊನ್ನೆ ಇರುವ ಕಡೆ ಗೆರೆ 65, 70ರ ಹತ್ತಿರ ಮುಟ್ಟಿದರೆ ನಿಮ್ಮ ಕೆಲಸ ಚೊಕ್ಕವಾಗಿದೆ ಎಂದು ಅರ್ಥ. 90 ಮುಟ್ಟಿದರೆ ಚಿಕ್ಕ ಗುಂಪುಗಳು ತಪ್ಪಿಹೋಗುತ್ತಿರಬಹುದು. ಆದರೆ ಏಳು ಚುಕ್ಕಿ ಒಂದೇ ಕಡೆ ಗುಂಪುಗೂಡಿದ್ದರೆ ಗೆರೆ ಆಚೀಚೆ ವಾಲುವುದು ಸಹಜ. ಎರಡನೇ ವರ್ಷಕ್ಕೆ ಅದು ಗಟ್ಟಿಯಾಗುತ್ತದೆ.

ಎಣಿಸುವಾಗ ಒಂದು ಎಚ್ಚರ. ಒಂದು ಉದ್ದನೆಯ ಗುಂಪನ್ನು ಒಂದು ಮಗು ಒಂದೆಂದೂ ಇನ್ನೊಂದು ಮಗು ಎರಡೆಂದೂ ಎಣಿಸಿದರೆ ಅಲ್ಲೇ ಹತ್ತು ವ್ಯತ್ಯಾಸ. ಫ್ಲಕ್ಸಿನಲ್ಲಿ ಎಂಟರಷ್ಟು. ಯಾರ ಎಣಿಕೆ ಸರಿ ಎಂದು ಜಗಳ ಮಾಡುವುದಕ್ಕಿಂತ, ಒಂದೇ ನಿಯಮ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ. ಹಾಳೆಯನ್ನು ಎಸೆಯಬೇಡಿ, ಕಲೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ ತಾರೀಖು ಹಾಕಿ ಇಡಿ. ಹಾಳೆಯನ್ನು ಸ್ವಲ್ಪ ಅಲ್ಲಾಡಿಸಿ ನೋಡುವ ಅಭ್ಯಾಸವೂ ಒಳ್ಳೆಯದು. ಹಾಳೆಯ ಮೇಲಿನ ಕೊಳೆ ಹಾಳೆಯ ಜೊತೆ ಓಡಾಡುತ್ತದೆ, ಸೂರ್ಯನ ಕಲೆ ಬಿಂಬದ ಜೊತೆ ನಿಲ್ಲುತ್ತದೆ. ನಾನು ಮೊದಲ ಸಲ ಎಣಿಸಿದಾಗ ಹಾಳೆಯ ಮೇಲಿನ ಒಂದು ಕಾಫಿ ಹನಿಯನ್ನು ಒಂದು ವಾರ ಕಲೆ ಎಂದು ಬರೆದುಕೊಂಡಿದ್ದೆ. ಅದು ದಿನವೂ ಒಂದೇ ಜಾಗದಲ್ಲಿ ಇದ್ದದ್ದು ನೋಡಿದ ಮೇಲೆ ಗೊತ್ತಾಯಿತು. ನಿಜವಾದ ಕಲೆ ದಿನಾ ಸರಿಯುತ್ತದೆ.

ಇನ್ನು ಸುರಕ್ಷತೆ. ಇದನ್ನು ಕೈ ಮುಗಿದು ಹೇಳುತ್ತೇನೆ. ಯಾವ ಮಗುವೂ ಕಣ್ಣು ಇಟ್ಟು ನೋಡಬಾರದು. ಪಕ್ಕದ ಚಿಕ್ಕ ಫೈಂಡರ್‌ಗೆ ಮುಚ್ಚಳ ಹಾಕಿರಬೇಕು. ಇಂಥ 60 ಮಿ.ಮೀ. ಟೆಲಿಸ್ಕೋಪ್‌ಗಳ ಪೆಟ್ಟಿಗೆಯಲ್ಲಿ ಕೆಲವು ಸಲ ಐಪೀಸ್‌ಗೆ ತಿರುಗಿಸಿ ಹಾಕುವ ಕಪ್ಪು ಗಾಜೊಂದು ಬರುತ್ತದೆ, ಸೂರ್ಯನನ್ನು ನೋಡಲು ಎಂದು. ಅದು ಬಿಸಿಗೆ ಸೀಳುತ್ತದೆ. ಇವತ್ತೇ ಎಸೆದುಬಿಡಿ.

ಈಗ ನಮ್ಮ ಕಡೆಯ ದೊಡ್ಡ ತೊಂದರೆಗೆ ಬರುತ್ತೇನೆ, ಮಳೆಗಾಲ. ಜೂನ್ ಹಿಡಿದರೆ ನಿಮ್ಮ ಮುಳ್ಳಯ್ಯನಗಿರಿ ಮೋಡದಲ್ಲಿ ಕಾಣೆ. ಸೆಪ್ಟೆಂಬರ್‌ವರೆಗೆ ಎಣಿಕೆಯ ನೋಟ್‌ಬುಕ್ ಖಾಲಿ. ಕಲೆ ಎಣಿಸುವವರಿಗೆಲ್ಲ ಇದೇ ಗತಿ. ಕೊಡೈಕೆನಾಲ್‌ನಲ್ಲಿ 1904ರಿಂದ ಸೂರ್ಯನ ಫೋಟೋ ತೆಗೆಯುತ್ತಿದ್ದಾರೆ, ಅಲ್ಲೂ ಮೋಡದ ದಿನ ಕೈ ಕಟ್ಟಿ ಕೂರಬೇಕು. ಬ್ರಸೆಲ್ಸ್‌ನವರು ಜಗತ್ತಿನ ಹಲವು ಊರುಗಳ ಎಣಿಕೆ ಸೇರಿಸುವುದಕ್ಕೆ ಇದೂ ಒಂದು ಕಾರಣ. ಪೆಂಟಿಕ್ಟನ್‌ನ ರೇಡಿಯೋಗೆ ಈ ಚಿಂತೆ ಇಲ್ಲ. 10.7 ಸೆಂ.ಮೀ. ಅಲೆಗೆ ಮೋಡ, ಮಂಜು, ಮಳೆ ಯಾವುದೂ ಲೆಕ್ಕಕ್ಕಿಲ್ಲ. ಆ ಸರಣಿಯನ್ನು ಎಲ್ಲರೂ ಇಷ್ಟು ನಂಬುವುದಕ್ಕೆ ದೊಡ್ಡ ಕಾರಣ ಅದೇ.

ಇದನ್ನು ಒಂದು ಸಲ ನನ್ನ ಕಿವಿಯಲ್ಲೇ ಕೇಳಿದೆ. ಹಾಸನದಲ್ಲಿ ನಮ್ಮ ಮನೆಯ ತಾರಸಿ, ಜುಲೈ ತಿಂಗಳು, ಜಿಟಿಜಿಟಿ ಮಳೆ. ಸೂರ್ಯ ಎಲ್ಲಿದ್ದಾನೆ ಎಂದೇ ಗೊತ್ತಾಗುತ್ತಿರಲಿಲ್ಲ. ಟಿವಿಯ ಹಳೆಯ ಡಿಶ್ ಒಂದಕ್ಕೆ, ಡಿಶ್ ಕೂರಿಸುವ ಹುಡುಗರು ಬಳಸುವ ಸ್ಯಾಟ್ ಫೈಂಡರ್ ಮೀಟರ್ ಸಿಕ್ಕಿಸಿದ್ದೆ. ಕೊಡೆ ಹಿಡಿದು ನಿಂತು ಡಿಶ್ಶನ್ನು ಬೂದು ಆಕಾಶದ ಮೇಲೆ ಅಂಗುಲ ಅಂಗುಲ ತಿರುಗಿಸಿದೆ. ಮುಳ್ಳು ಸುಮ್ಮನೆ ಮಲಗಿತ್ತು. ಒಂದು ಜಾಗಕ್ಕೆ ಬಂದಾಗ ಅದು ಎದ್ದು ನಿಂತಿತು, ಮೀಟರ್ ಕೀ ಎಂದು ಕೂಗಿತು. ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದೆ, ನಿಂತಿತು. ಮತ್ತೆ ತಂದೆ, ಕೂಗಿತು. ಐದು ನಿಮಿಷ ಕಳೆಯುವಷ್ಟರಲ್ಲಿ ತಾನಾಗಿ ಇಳಿಯಿತು, ಸೂರ್ಯ ಆಚೆ ಸರಿದಿದ್ದ. ಮೋಡದ ಹಿಂದೆ ಸೂರ್ಯ ಹೋಗುತ್ತಿರುವುದನ್ನು ಕಿವಿಯಲ್ಲಿ ಕೇಳಿದ ಆ ಖುಷಿಯನ್ನು ಹೇಗೆ ಹೇಳಲಿ. ನಿಮ್ಮ ಮಕ್ಕಳಿಗೆ ಇದನ್ನು ಮಾಡಿ ತೋರಿಸಿ. ಆದರೆ ಆ ಡಿಶ್ ಕೇಳುವುದು 11, 12 ಸಾವಿರ ಮೆಗಾಹರ್ಟ್ಸ್ ಹತ್ತಿರ. ಅಲ್ಲಿ ಸುಮ್ನೆ ಕೂತ ಸೂರ್ಯನ ಪಾಲೇ ಬಹುಪಾಲು, ಕಲೆ ಹೆಚ್ಚಿದರೂ ಮುಳ್ಳು ಹೆಚ್ಚು ಏರುವುದಿಲ್ಲ. ಅದರಿಂದ ಕಲೆಯ ಲೆಕ್ಕ ಸಿಗುವುದಿಲ್ಲ. ಕೋವಿಂಗ್ಟನ್ ಕೈಗೆ ಆಕಸ್ಮಿಕವಾಗಿ ಸಿಕ್ಕ 10.7 ಸೆಂ.ಮೀ. ಕಲೆಗಳಿಗೆ ಚೆನ್ನಾಗಿ ಓಗೊಡುವ ಅಲೆ ಆಗಿತ್ತು. ಅದು ನಮ್ಮೆಲ್ಲರ ಅದೃಷ್ಟ.

ಡಿಶ್ ಇರುವ ಮನೆಯವರೆಲ್ಲ ಸೂರ್ಯನ ರೇಡಿಯೋ ನೋಡಿರುತ್ತಾರೆ, ಗೊತ್ತಿರುವುದಿಲ್ಲ ಅಷ್ಟೇ. ಮಾರ್ಚ್ ಮಧ್ಯದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಹಗಲು ಹೊತ್ತು ಒಂದೇ ಸಮಯಕ್ಕೆ ಐದಾರು ನಿಮಿಷ ಚಿತ್ರ ಒಡೆಯುತ್ತದೆ ಅಥವಾ ಹೋಗಿಬಿಡುತ್ತದೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಡಿಶ್ಶಿಗೆ ಉಪಗ್ರಹದ ಮಾತಿಗಿಂತ ಸೂರ್ಯನ ಗದ್ದಲವೇ ಜೋರಾಗಿ ಕೇಳುತ್ತದೆ. ಹಾಸನದಲ್ಲಿ ಇಸ್ರೋದ ಎಂಸಿಎಫ್ ಇದೆಯಲ್ವಾ, 1982ರಿಂದ ನಮ್ಮ ದೇಶದ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುವ ಜಾಗ, ಅಲ್ಲಿಯ ದೊಡ್ಡ ಡಿಶ್‌ಗಳಿಗೂ ಈ ಗಳಿಗೆ ಬರುತ್ತದೆ. ಯಾವ ದಿನ, ಯಾವ ನಿಮಿಷ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು.

ಕಲೆಯಿಂದ ರೇಡಿಯೋ ಲೆಕ್ಕ ಹಾಕುವುದರಿಂದ ಉಪಯೋಗ ಏನು, ರೇಡಿಯೋನೇ ದಿನಾ ಅಳೆಯುತ್ತಾರಲ್ಲ ಎಂದು ಮಕ್ಕಳು ಕೇಳಬಹುದು. ಉತ್ತರ ಇತಿಹಾಸದಲ್ಲಿದೆ. ರೇಡಿಯೋ ಅಂಕಿ ಇರುವುದು 1947ರಿಂದ. ಕಲೆಯ ತಿಂಗಳ ಸರಾಸರಿ 1749ರಿಂದ ಇದೆ, ವರ್ಷದ ಸರಾಸರಿ 1700ರಿಂದ. ಸೂರ್ಯ ಹಿಂದೆ ಎಷ್ಟು ರೇಡಿಯೋ ಬಿಡುತ್ತಿದ್ದ, ನಮ್ಮ ಮೇಲಿನ ವಾತಾವರಣ ಎಷ್ಟು ಬಿಸಿಯಾಗುತ್ತಿತ್ತು ಎಂದು ತಿಳಿಯಲು ಆ ಹಳೆಯ ಎಣಿಕೆಗಳೇ ದಾರಿ. ಮುಂದಕ್ಕೂ ಹಾಗೆಯೇ. ಕಲೆಯ ಸಂಖ್ಯೆ ಮುಂದೆ ಹೇಗೆ ಏರುತ್ತದೆ, ಇಳಿಯುತ್ತದೆ ಎಂದು ಊಹಿಸಿ, ಅದರಿಂದ ಫ್ಲಕ್ಸ್ ಅಂದಾಜು ಮಾಡುವುದುಂಟು. ಕೆಳಗಿನ ಕಕ್ಷೆಯ ಉಪಗ್ರಹಗಳು ಎಷ್ಟು ಬೇಗ ಇಳಿಯುತ್ತವೆ ಎಂಬ ಲೆಕ್ಕಕ್ಕೆ ಅದು ಬೇಕು. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿತ್ತಲ್ಲ, ಸೂರ್ಯ ಎಣಿಸಿದ್ದಕ್ಕಿಂತ ಚುರುಕಾಗಿದ್ದ, ಮೇಲಿನ ಗಾಳಿ ಉಬ್ಬಿ ಅದನ್ನು ಬೇಗ ಎಳೆದುಕೊಂಡಿತು. ಹಾಸನದಿಂದ ನೋಡಿಕೊಳ್ಳುವ ಉಪಗ್ರಹಗಳು 36,000 ಕಿ.ಮೀ. ಮೇಲಿವೆ, ಅವಕ್ಕೆ ಈ ಭಯ ಇಲ್ಲ. ಹ್ಯಾಮ್ ರೇಡಿಯೋದವರಿಗೂ ಈ ಅಂಕಿ ದಿನಾ ಬೇಕು. ಫ್ಲಕ್ಸ್ ಮೇಲಿದ್ದರೆ 28 ಮೆಗಾಹರ್ಟ್ಸ್‌ನಲ್ಲಿ ದೂರದ ದೇಶಗಳು ಸಿಗುತ್ತವೆ, 70ಕ್ಕೆ ಇಳಿದರೆ ಆ ಬ್ಯಾಂಡ್ ಹೆಚ್ಚಿನ ದಿನ ಮಲಗಿರುತ್ತದೆ.

ನಿಮ್ಮ ಮಕ್ಕಳು ಒಳ್ಳೆಯ ಕಾಲದಲ್ಲಿ ಶುರು ಮಾಡಿದ್ದಾರೆ. ಕಲೆಗಳು ಏರಿ ಇಳಿಯುವ ಸುಮಾರು ಹನ್ನೊಂದು ವರ್ಷದ ಸುತ್ತಿಗೆ ಸೌರಚಕ್ರ ಎನ್ನುತ್ತಾರೆ. ಈಗ ನಡೆಯುತ್ತಿರುವುದು 25ನೆಯದು. ಅದು ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಸರಾಸರಿ ಲೆಕ್ಕದಲ್ಲಿ ಅದರ ತುದಿ 2024ರ ಅಕ್ಟೋಬರ್‌ನಲ್ಲಿ ಬಂತು, ಕಲೆಯ ಸಂಖ್ಯೆ ಸುಮಾರು 160. ಇನ್ನು ಇಳಿಜಾರು. ಹನ್ನೊಂದು ವರ್ಷದ ಲೆಕ್ಕದಲ್ಲಿ 2030ರ ಆಸುಪಾಸಿಗೆ ತಳ ಮುಟ್ಟುತ್ತದೆ. ಏರು ಇಳಿತ ಎರಡೂ ಇದ್ದರೆ ಮಾತ್ರ ಗೆರೆ ಉದ್ದ ಸಿಗುವುದು. ಈ ವರ್ಷದ ಎಂಟನೇ ಕ್ಲಾಸಿನವರು ತುದಿಯ ಕಡೆಯ ಚುಕ್ಕಿ ಇಟ್ಟರೆ, ಮುಂದಿನ ಬ್ಯಾಚುಗಳು ಅದೇ ಹಾಳೆಯಲ್ಲಿ ತಳದ ಕಡೆಯ ಚುಕ್ಕಿ ಇಡಲಿ. ಟೆಲಿಸ್ಕೋಪ್ ಮಾತ್ರ ಬದಲಾಯಿಸಬೇಡಿ.

ಮೇ ಕೊನೆಗೆ ಗೆರೆ ಎಳೆದಾದ ಮೇಲೆ ಮಳೆಗಾಲಕ್ಕೆ ಒಂದು ಆಟ ಇದೆ. ಅದೇ ಗೆರೆಯನ್ನು ಉಲ್ಟಾ ಓದಿ. ಬೆಳಗ್ಗೆ ಪೆಂಟಿಕ್ಟನ್‌ನ ಹಿಂದಿನ ದಿನದ ಅಂಕಿ ತೆಗೆದುಕೊಂಡು, ಈ ಮೋಡದ ಹಿಂದೆ ಎಷ್ಟು ಗುಂಪು ಇರಬಹುದು ಎಂದು ಮಕ್ಕಳು ಊಹಿಸಿ ಬರೆದಿಡಲಿ. ಆಗಸ್ಟ್‌ನಲ್ಲಿ ಯಾವತ್ತೋ ಒಂದು ಅರ್ಧ ಗಂಟೆ ಬಿಸಿಲು ಬಿಡುತ್ತದೆ. ಆಗ ಟೆಲಿಸ್ಕೋಪ್ ಹೊರಗೆ ತಂದು ಹಾಳೆ ಹಿಡಿಯಿರಿ. ಊಹೆಗೂ ಎಣಿಕೆಗೂ ಎಷ್ಟು ಅಂತರ ಬಂತು, ಅವತ್ತು ಅಂಚಿನಲ್ಲಿ ಏನಿತ್ತು ಎಂದು ಬರೆದು ಕಳಿಸಿ. ಆ ಹುಡುಗಿಯ ಕೈಯಲ್ಲೇ ಬರೆಸಿ.